ಟೋಕನ್ ಮುಗಿದ ಹೆಸರು

ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುವುದು ನಮ್ಮ ಮನೆತನಗಳ ಪದ್ಧತಿ. ತಟ್ಟೆಯ ಅಕ್ಕಿಯ ಮೇಲೆ ನನ್ನವರು ಉಂಗುರದಿಂದ ಹೊಸ ಹೆಸರು ಬರೆದರು, ಎಲ್ಲರೂ ಚಂದ ಐತಿ ಎಂದರು, ನಾನೂ ತಲೆಯಾಡಿಸಿದೆ. ಸವಣೂರಿನ ಮಗಳು ಹಾನಗಲ್ಲಿನ ಸೊಸೆಯಾದೆ. ರಜೆ ಮುಗಿಸಿ ಶಿಗ್ಗಾಂವಿಯ ಆಫೀಸಿಗೆ ಮರಳಿದಾಗ ಅಲ್ಲಿಯೂ ಕಂಪ್ಯೂಟರಿನಲ್ಲಿದ್ದ ನನ್ನ ಹಳೆಯ ಖಾತೆ ಮುಚ್ಚಿ, ಹೊಸ ಹೆಸರಿನಲ್ಲಿ ಒಂದು ತೆರೆದಿಟ್ಟಿದ್ದರು. ಬೇರೆ ಯಾವ ಕೆಲಸವನ್ನೂ ಅವರು ಅಷ್ಟು ಬೇಗ ಮಾಡಿದ್ದು ನಾನು ಕಂಡಿಲ್ಲ.

ನಮ್ಮದು ಸವಣೂರಿನ ತೋಟಗಳಿಂದ ವೀಳ್ಯದೆಲೆ ಕೊಂಡು ಹಿರೇಕೆರೂರು, ಅಕ್ಕಿಆಲೂರಿನ ಅಂಗಡಿಗಳಿಗೆ ಕಳಿಸುವ ಸಣ್ಣ ಸಂಸ್ಥೆ. ಮಧ್ಯಾಹ್ನ ಅಂಗಡಿಗಳ ಬೇಡಿಕೆಯನ್ನು ಕಂಪ್ಯೂಟರಿನಲ್ಲಿ ತುಂಬಿದರೆ ಸಾಕು, ಮರುದಿನ ಎಷ್ಟು ಎಲೆ ಕೊಯ್ಯಬೇಕೆಂಬ ಸಂದೇಶ ತೋಟದವರ ಗುಂಪಿಗೆ ನನ್ನ ಹೆಸರಿನಲ್ಲಿ ತಾನಾಗಿಯೇ ಹೋಗುತ್ತಿತ್ತು. ಮದುವೆಗೆ ಮುಂಚೆ ಹಾಗೆ ಹೊಂದಿಸಿದವಳೂ ನಾನೇ. ಕೆಲವು ವಾರಗಳ ಮೇಲೆ ಒಂದು ದಿನ ಸಂದೇಶ ಹೋಗಲಿಲ್ಲ. ಹೇಳದೆ ಕೊಯ್ದರೆ ಎಲೆ ಬಾಡುತ್ತದೆ, ಕೊಯ್ಯದಿದ್ದರೆ ಗಾಡಿ ಖಾಲಿ ಬರುತ್ತದೆ. ಅತ್ತ ದರಿ, ಇತ್ತ ಪುಲಿ.

ನೆಟ್‌ವರ್ಕಿಗೆ ಬೈದೆ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಕೊನೆಗೆ ಹುಬ್ಬಳ್ಳಿಯ ತಂತ್ರಜ್ಞರೊಬ್ಬರು ಫೋನಿನಲ್ಲಿ ಬಿಡಿಸಿ ಹೇಳಿದರು: ನನ್ನ ಹೆಸರಿನಲ್ಲಿ ಸಂದೇಶ ಕಳಿಸಲು ಹಿಂದೆ ಕೊಟ್ಟಿದ್ದ ಅನುಮತಿಗೆ ಟೋಕನ್ ಎನ್ನುತ್ತಾರೆ, ಇಷ್ಟು ದಿನ ಅದು ಹೇಗೋ ನಡೆಯಿತು, ಈಗ ಅವಧಿ ಮುಗಿದಿದೆ, ಕೊಟ್ಟವರೇ ಮತ್ತೆ ಲಾಗಿನ್ ಆಗಬೇಕು. ಅಷ್ಟೇ ತಾನೆ ಎಂದು ಹಳೆಯ ಹೆಸರು ಒತ್ತಿದೆ. ಇಂಥವರು ಇಲ್ಲ ಎಂದಿತು ಕಂಪ್ಯೂಟರ್. ಹೊಸದು ಒತ್ತಿದೆ. ಈ ಅನುಮತಿ ಕೊಟ್ಟವರು ನೀವಲ್ಲ ಎಂದಿತು. ಹಾಗಾದರೆ ಇಲ್ಲಿ ಕುರ್ಚಿಯ ಮೇಲೆ ಕೂತವಳು ಯಾರು? ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಎಂಬುದು ಮಾತ್ರ ತಿಳಿಯಲಿಲ್ಲ.

ತಂತ್ರಜ್ಞರು ಹೇಳಿದಂತೆ ಎಲ್ಲವನ್ನೂ ಹೊಸ ಹೆಸರಿನಲ್ಲಿ ಮೊದಲಿನಿಂದ ಹೊಂದಿಸಿದೆ. ಸಂಜೆಯೊಳಗೆ ಸಂದೇಶ ಹೋಯಿತು. ಗೆದ್ದೆ ಎಂದುಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಗಾಡಿಯವನು ತೋಟದಿಂದ ಫೋನ್ ಮಾಡಿ, ಇಲ್ಲಿ ಒಂದು ಎಲೆಯನ್ನೂ ಕೊಯ್ದಿಲ್ಲ ಎಂದ. ತೋಟದ ಹಿರಿಯ ಹೆಂಗಸಿಗೆ ಫೋನ್ ಕೊಡಿಸಿದೆ. ದನಿ ಕೇಳಿದ್ದೇ ಆಕೆ ನನ್ನ ಹಳೆಯ ಹೆಸರು ಹಿಡಿದು ಮಾತಾಡಿಸಿದಳು. ಎಷ್ಟೋ ದಿನಗಳ ಮೇಲೆ ಅದನ್ನು ಕೇಳಿದೆ.

"ಯಾರೋ ಹೊಸಾಕಿ ಕೊಯ್ರಿ ಅಂತ ಹಾಕ್ಯಾಳ್ರಿ ಅಕ್ಕಾರ. ನೀವು ಹೇಳಿರಲಿಲ್ಲಲ್ಲ, ಅದಕ್ಕ ಬಳ್ಳಿಗೆ ಕೈ ಹಚ್ಚಿಲ್ಲ."

"ಈಗ ನಾನ ಹೇಳ್ತೇನಿ, ಕೊಯ್ರಿ."

"ನೀವು ಹೇಳಿದ್ರ ಆತ್ರಿ. ಆದ್ರ ಆ ಹೊಸಾಕಿ ಯಾರ್ರಿ?"

ಅದು ನಾನೇ ಎನ್ನಲು ಬಾಯಿ ತೆರೆದೆ.

"ನನಗೂ ಇನ್ನ ಆಕಿ ಗುರ್ತ ಹತ್ತವಲ್ದು ನೋಡ್ರಿ," ಎಂದೆ.