ಅಜ್ಜಿಯ ಮೈಮುಟ್ಟಿ ಕಲಿತ ಎಲುಬುಗಳು

ಕೊಪ್ಪಳದಲ್ಲಿ ಮೆಡಿಕಲ್ ಓದಲು ಸೇರಿದ ಮೊದಲ ವರ್ಷ, ಪರೀಕ್ಷೆಗೆ ಮುಂಚಿನ ರಜೆಗೆ ಬೇವೂರಿಗೆ ಹೊರಟಾಗ ನನ್ನ ಗೋಣಿಚೀಲದಲ್ಲಿ ಬಟ್ಟೆಗಿಂತ ಎಲುಬುಗಳೇ ಹೆಚ್ಚಿದ್ದವು. ನಿಜವಾದ ಮನುಷ್ಯರ ಎಲುಬುಗಳು. ಅಂಗರಚನೆ ಕಲಿಯಲೆಂದು ಹಿರಿಯ ವಿದ್ಯಾರ್ಥಿನಿಯೊಬ್ಬಳು ಕೊಟ್ಟಿದ್ದಳು. ಬಸ್ಸಿನಲ್ಲಿ ಯಾರ ಕಾಲೂ ತಾಗದಿರಲೆಂದು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ.

ಮನೆಗೆ ಬಂದು ನಾನು ಮುಖ ತೊಳೆಯುವಷ್ಟರಲ್ಲಿ, ಒಗೆಯುವ ಬಟ್ಟೆ ಇರಬಹುದೆಂದು ಅವ್ವ ಚೀಲ ಬಿಚ್ಚಿದಳು. ಮೊದಲು ಕೈಗೆ ಸಿಕ್ಕಿದ್ದೇ ತೊಡೆಯ ಮೂಳೆ. ಅವಳು ಕೂಗಿದ ಕೂಗಿಗೆ ಮಲಗಿದ್ದ ಎಮ್ಮೆಯೂ ಎದ್ದು ನಿಂತಿತು.

"ದೇವರ ಜಗಲಿ ಇರೋ ಮನಿಯಾಗ ಸುಡಗಾಡ ತಂದಿಯಲ್ಲ! ಮೊದಲ ಹೊರಗ ಒಯ್ಯಿ."

"ಪರೀಕ್ಷಾ ಐತೆವ್ವಾ."

"ಏನರ ಇರಲಿ. ಒಳಗ ಬ್ಯಾಡ."

ಚೀಲ ದನದ ಕೊಟ್ಟಿಗೆಗೆ ಹೋಯಿತು. ಹಿಂದೆಯೇ ಅಜ್ಜಿ, ಅಪ್ಪನ ತಾಯಿ, ಕೋಲೂರಿಕೊಂಡು ಬಂದಳು. ಹೆದರಲಿಲ್ಲ. ಹತ್ತಿರ ಕೂತು, "ಗಂಡಸಿಂದೋ ಹೆಂಗಸಿಂದೋ?" ಎಂದು ಕೇಳಿದಳು. ನಾನು ಸೊಂಟದ ಮೂಳೆ ತೆಗೆದು, ಅದರ ಅಗಲವಾದ ತಗ್ಗನ್ನು ತೋರಿಸಿ, "ಹೆಂಗಸಿಂದ ಇರಬೇಕು" ಎಂದೆ. ಅಜ್ಜಿ ಬಹಳ ಹೊತ್ತು ಅದನ್ನೇ ನೋಡಿದಳು.

"ಯಾವ ಊರಾಕಿನೋ ಏನೋ. ಮಣ್ಣಾಗ ಇರಬೇಕಾದಾಕಿ ನಿನಗ ಕಲಸಾಕ ಬಂದಾಳ. ಬರೇ ಗೋಣ್ಯಾಗ ಇಡಬ್ಯಾಡವ್ವ."

ತನ್ನ ಹಳೆಯ ಇಳಕಲ್ ಸೀರೆಯ ತುಂಡು ತಂದು ಎಲ್ಲವನ್ನೂ ಅದರಲ್ಲಿ ಗಂಟು ಕಟ್ಟಿಸಿದಳು.

ಕೊಟ್ಟಿಗೆಯಲ್ಲಿ ನೊಣಗಳ ಕಾಟಕ್ಕೆ ಕೂತು ಓದಲಾಗಲಿಲ್ಲ. ಮರುದಿನ ಕಟ್ಟೆಯ ಮೇಲೆ ಬರೀ ಪುಸ್ತಕ ಹಿಡಿದು ಒದ್ದಾಡುತ್ತಿದ್ದಾಗ ಅಜ್ಜಿ ಪಕ್ಕಕ್ಕೆ ಬಂದು, ಸೆರಗು ಸರಿಸಿ ಹೆಗಲು ಮುಂದೆ ಮಾಡಿದಳು.

"ನನ್ನ ಮೈಯಾಗೂ ಎಲುವ ಅದಾವಲ್ಲ. ಈಗ ಬರೇ ಅವ ಉಳದಾವ. ಹಿಡದ ನೋಡು."

ಅವತ್ತಿನಿಂದ ಊಟವಾದ ಮೇಲೆ ದಿನಾ ಅದೇ ಪಾಠ. ಕತ್ತಿನ ಬುಡದಿಂದ ಹೆಗಲಿನವರೆಗೆ ಬೆರಳು ಓಡಿಸಿ ನಾನು ಕ್ಲಾವಿಕಲ್ ಎಂದರೆ ಅವಳೂ ಹೇಳಲು ನೋಡುತ್ತಿದ್ದಳು. ಬೆನ್ನಿನ ಸ್ಕ್ಯಾಪುಲಾ ಅವಳ ಬಾಯಲ್ಲಿ ಚಪ್ಪಲಿಯಾಯಿತು. ಪಕ್ಕೆಲುಬು ಎಣಿಸಲು ಹೋದರೆ ಕಚಗುಳಿಯಾಗಿ, ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ಎಣಿಕೆ ಎಂದೂ ಮುಗಿಯಲಿಲ್ಲ.

ಒಂದು ದಿನ ಎಡ ಮುಂಗೈ ಹಿಡಿದಾಗ ನನ್ನ ಬೆರಳು ನಿಂತಿತು. ಮಣಿಕಟ್ಟಿನ ಹತ್ತಿರ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು.

"ಇದೇನಾಗಿತ್ತಜ್ಜಿ?"

"ನಿಮ್ಮಪ್ಪ ಹೊಟ್ಟ್ಯಾಗ ಇದ್ದಾಗ ಜ್ವಾಳದ ಕಣಿಕಿ ಬಣವಿ ಮ್ಯಾಲಿಂದ ಬಿದ್ದಿದ್ದೆ. ಹೊಟ್ಟಿಗೆ ಪೆಟ್ಟ ಬೀಳಬಾರ್ದಂತ ಕೈ ಊರಿದೆ. ಬಿದಿರ ದಬ್ಬಿ ಕಟ್ಟಿದ್ರು, ಹಿಂಗ ಕೂಡ್ತು."

ಹುಟ್ಟಿದಾಗಿನಿಂದ ಆ ಕೈ ಬಡಿದ ರೊಟ್ಟಿ ತಿಂದಿದ್ದೆ. ಅದು ಸೊಟ್ಟಗಿದೆ ಎಂದು ಕಂಡಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅವ್ವನಿಗೂ ಈ ಸಂಗತಿ ಗೊತ್ತಿರಲಿಲ್ಲ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಬಂದು ನಮ್ಮೆದುರು ಕೂತಳು. ಅತ್ತೆಯ ಮುಂಗೈಯನ್ನು ತಾನೂ ಮೆಲ್ಲಗೆ ಮುಟ್ಟಿ ನೋಡಿದಳು. ಆಮೇಲೆ ಕಾಲು ಚಾಚಿ, "ನನ್ನ ಮಣಕಾಲ ಕಟಕಟ ಅಂತೈತಿ. ಅದು ಯಾವ ಎಲುವ ನೋಡು," ಎಂದಳು.

ಆ ಸಂಜೆ ಅವ್ವನೇ ಕೊಟ್ಟಿಗೆಯಿಂದ ಗಂಟು ತಂದು ಪಡಸಾಲೆಯಲ್ಲಿಟ್ಟಳು. ದೇವರ ಜಗಲಿಗೆ ಕಾಣದ ಮೂಲೆಯಲ್ಲಿ, ಅಷ್ಟೇ.

ಪರೀಕ್ಷೆ ಚೆನ್ನಾಗಿಯೇ ಆಯಿತು. ಈಗ ಗಂಗಾವತಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ನಾಟಿಯ ಕಾಲಕ್ಕೆ ಸುತ್ತಲಿನ ಹಳ್ಳಿಯ ಹೆಂಗಸರು ಟೊಂಕ ಹಿಡಿದುಕೊಂಡು ಬರುತ್ತಾರೆ. ಅಜ್ಜಿ ಹೋಗಿ ಕೆಲವು ವರ್ಷಗಳಾದವು. ಊರಿಗೆ ಹೋದರೂ ಒಂದೆರಡು ದಿನ, ಅದರಲ್ಲೂ ಅರ್ಧ ಫೋನಿನಲ್ಲೇ ಕಳೆಯುತ್ತದೆ. ಅವ್ವನಿಗೆ ಮಾತ್ರೆ ಕೊಟ್ಟು ಬರುತ್ತೇನೆ. ಆ ರಜೆಯಲ್ಲಿ ಕೂತ ಹಾಗೆ, ಒಬ್ಬರ ಕೈ ಒಬ್ಬರು ಹಿಡಿದು ಮಧ್ಯಾಹ್ನವಿಡೀ ಕೂತದ್ದು ಮತ್ತೆ ಆಗಲಿಲ್ಲ.