ಮಗನ ಹೆಸರು ಹೇಳಿದ ಚಿಕ್ಕವೆಂಕಟಮ್ಮ

ಶಿಡ್ಲಘಟ್ಟದ ರೇಷ್ಮೆ ಶೆಡ್ಡಿನಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಕುದಿನೀರಲ್ಲಿ ಉರುಳುವ ಗೂಡುಗಳಿಂದ ಚಿಕ್ಕವೆಂಕಟಮ್ಮ ಬರಿಗೈಯಲ್ಲೇ ಎಳೆ ಹೆಕ್ಕಿ ರಾಟೆಗೆ ಹತ್ತಿಸುತ್ತಿದ್ದಾರೆ. ಮೇಲೂರಿನಿಂದ ಮೊದಲ ಬಸ್ಸಿಗೇ ಬರುವ ಈಕೆ, ಮಾಲೀಕ ಖಲೀಮುಲ್ಲಾ ಒಳಗೆ ಕಾಲಿಟ್ಟೊಡನೆ ತಲೆ ತಗ್ಗಿಸುತ್ತಾರೆ. ಖಲೀಮುಲ್ಲಾ ಅವರ ಎರಡೂ ಕೈಗಳ ಬೆರಳು ಸುಟ್ಟು ಮುರುಟಿಕೊಂಡಿವೆ.

ಅದು ೧೯೯೧ರ ಮಾತು. ಮುಸ್ಲಿಮರನ್ನು ಊರಿಂದ ಎಬ್ಬಿಸುತ್ತೇವೆಂದು ಮೆರೆಯುತ್ತಿದ್ದ ನಲ್ಲಪ್ಪನ ಪಡೆ ಹಾಡಹಗಲೇ ಹಳೆಯ ಶೆಡ್ಡಿಗೆ ಬೆಂಕಿಯಿಟ್ಟಿತು. ಕೆಲಸದ ಹೆಂಗಸರನ್ನು ಹೊರಗೆಳೆಯುವಾಗ ಖಲೀಮುಲ್ಲಾರ ಕೈ ಬೆಂದವು. ಅವರು ಕೊನೆಗೆ ಎಳೆದು ತಂದದ್ದು ಚಿಕ್ಕವೆಂಕಟಮ್ಮನನ್ನು. ಹೊರಗೆ ಸೀಮೆಎಣ್ಣೆ ಡಬ್ಬ ಹಿಡಿದವರ ನಡುವೆ ಈಕೆಯ ಮಗ ವೆಂಕಟೇಶ ನಿಂತಿದ್ದ. ತಾಯಿಯನ್ನು ಕಂಡದ್ದೇ ಡಬ್ಬ ಬಿಟ್ಟು ಓಡಿದ.

"ಆವತ್ತು ನಂಗೆ ರಜ. ಇನ್ನೊಬ್ಬಳ ಬದ್ಲಿಗೆ ಬಂದಿದ್ದೆ. ನಾನು ಒಳಗಿದ್ದೀನಿ ಅಂತ ಅವನಿಗೆ ಗೊತ್ತಿರ್ಲಿಲ್ಲ" ಎನ್ನುವ ಆಕೆಯ ದನಿ ಇಳಿಯುತ್ತದೆ. "ಬೇರೆಯೋರ ತಾಯಂದಿರು ಇದ್ರಲ್ಲ, ಸ್ವಾಮಿ?"

ಬಾಗಿಲು ಹಾಕಿಕೊಂಡಿದ್ದೆವು, ಏನೂ ಕಾಣಲಿಲ್ಲ ಎಂದರು ಬೀದಿಯವರೆಲ್ಲ. ಈಕೆಯ ಹೇಳಿಕೆಯನ್ನು ಪೊಲೀಸರು ಬರೆದುಕೊಳ್ಳಲೇ ಇಲ್ಲ. ಕ್ರಿಮಿನಲ್ ಕೇಸು ಬಿದ್ದುಹೋಯಿತು. ಜೈಲಿಗೆ ಕಳಿಸಲಾಗದಿದ್ದರೂ ಆದ ನಷ್ಟವನ್ನು ಸುಟ್ಟವರಿಂದಲೇ ತುಂಬಿಸಿಕೊಳ್ಳಬಹುದು ಎಂದು ವಕೀಲರೊಬ್ಬರು ಹೇಳಿದ ಮೇಲೆ ಖಲೀಮುಲ್ಲಾ ಸಿವಿಲ್ ದಾವೆ ಹೂಡಿದರು. ಸುದ್ದಿ ತಿಳಿದ ಚಿಕ್ಕವೆಂಕಟಮ್ಮ, ಸಾಕ್ಷಿ ಹೇಳುತ್ತೇನೆಂದು ಅವರ ಮನೆಗೇ ಹೋದರು.

"ಬೇಡಮ್ಮಾ, ಅದ್ರಲ್ಲಿ ನಿನ್ ಮಗಾನೂ ಅವ್ನೆ" ಎಂದರು ಖಲೀಮುಲ್ಲಾ.

"ಅದಕ್ಕೇ ಬಂದೆ."

ಕಟಕಟೆಯಲ್ಲಿ ನಲ್ಲಪ್ಪನ ಹೆಸರಾದ ಮೇಲೆ ಮಗನ ಹೆಸರನ್ನೂ ಹೇಳಿದರು. ಮಗನ ಮೇಲೆ ಏನು ದ್ವೇಷ ಎಂದು ಎದುರು ವಕೀಲರು ಕೆಣಕಿದರು. "ದ್ವೇಷ ಯಾಕ್ ಸ್ವಾಮಿ? ಆವತ್ತು ಬೆಳಗ್ಗೆ ನಾನೇ ಮುದ್ದೆ ಇಕ್ಕಿ ಕಳ್ಸಿದ್ದೆ" ಎಂದರು ಆಕೆ.

ವರ್ಷಗಟ್ಟಲೆ ಎಳೆದ ದಾವೆ ಹೋದ ವರ್ಷ ಖಲೀಮುಲ್ಲಾರ ಪರ ಡಿಕ್ರಿಯಾಯಿತು. ನಲ್ಲಪ್ಪನ ಜಮೀನು ಜಪ್ತಿಯಾಗಿದೆ. ಮುಂದೆ ತಮ್ಮ ಹೊಲಕ್ಕೂ ಕೋರ್ಟಿನ ಅಮೀನ ಬರುತ್ತಾನೆಂದು ತಿಳಿದೊಡನೆ ಪಡೆಯವರು ಅವನನ್ನು ಬಿಟ್ಟು ಒಬ್ಬೊಬ್ಬರಾಗಿ ಜಾರಿಕೊಂಡಿದ್ದಾರೆ. ಕುಡುಮಲಕುಂಟೆಯ ಕಾರ್ಖಾನೆಯಲ್ಲಿರುವ ವೆಂಕಟೇಶನ ಸಂಬಳದಲ್ಲಿ ಪರಿಹಾರದ ಪಾಲು ಮುರಿಯುತ್ತಾರೆ. ಅವನು ಮನೆಗೆ ಬರುವುದಿಲ್ಲ.

ದೊಡ್ಡ ಕೆಲಸ ಮಾಡಿದಿರಿ ಎಂದರೆ ಚಿಕ್ಕವೆಂಕಟಮ್ಮ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. "ಹೊಗಳ್ಬೇಡಿ. ಹೆತ್ತೋಳು ನಾನು, ನಾಚಿಕೆ ಆಗುತ್ತೆ."

ಹಾಗಾದರೆ ಇನ್ನೇನು ಆಸೆ?

"ಕೋರ್ಟು ಹಿಡ್ಕೊಳ್ಳತ್ತೆ, ಕೊಡ್ತಾವ್ನೆ. ಒಂದಿನ ತಾನಾಗೇ ಖಲೀಮಣ್ಣನ ಹತ್ರ ಬಂದು ತಪ್ಪಾಯ್ತು ಅನ್ಲಿ. ಬಂದ್ರೆ ನಾನ್ ಎದ್ದು ಆಚೆ ಹೋಗ್ತೀನಿ. ಅಮ್ಮ ಇದಾಳೆ ಅಂತ ಆಡೋ ಮಾತು ಬೇಡ."