‘ಬರ್ತೇನಬೇ’ ಅಂದವನ ದನಿ

‘ಮಗ್ಗದ ಮನಿ ಹುಡುಗಿ ಡಿಗ್ರಿ ಮುಗಸೂದು ಆಗದ ಮಾತು’ ಎಂದು ನನ್ನ ಕುರಿತು ಅಂದವನು ನನ್ನ ಸೋದರಮಾವ. ‘ಬೀಗರ, ನಡಕ ಕತ್ರಿ ಹಾಕಬ್ಯಾಡ್ರಿ. ರೀಲು ಪೂರಾ ಓಡ್ಲಿ’ ಎಂದವನು ಕಾಕಾ, ನನ್ನ ಅಪ್ಪನ ತಮ್ಮ.

ಹೋದ ತಿಂಗಳು ಮಗಳು ಉಗುರಿನ ಬಣ್ಣ ಅಳಿಸುತ್ತಿದ್ದಾಗ ಆ ಘಾಟಿಗೆ ಕಾಕಾ ನೆನಪಾದ. ಬನಹಟ್ಟಿಯ ಥಿಯೇಟರಿನಲ್ಲಿ ಆಪರೇಟರ್ ಆಗಿದ್ದ. ಹರಿದ ಫಿಲ್ಮು ಕೂಡಿಸುವ ಅಂಟಿಗೂ ಇಂಥದೇ ವಾಸನೆ. ಎಷ್ಟು ಒಗೆದರೂ ಅವನ ಅಂಗಿಯಿಂದ ಅದು ಹೋಗುತ್ತಿರಲಿಲ್ಲ...

ದಿನಕ್ಕೆ ಇನ್ನೊಂದು ಆಟ ಹಿಡಿಸಬೇಕು, ಎರಡು ಹಾಡು ತೆಗೆ ಎಂದು ಮಾಲೀಕರು ಹೇಳಿದರೆ ಕಾಕಾ ಕೇಳುತ್ತಿರಲಿಲ್ಲ. ‘ತಗ್ಯಾಕ ನಾ ಯಾರ್ರಿ? ಹರದದ್ದು ಕೂಡಸಾಂವ ನಾ.’ ಅದಕ್ಕಾಗಿ ಬೈಸಿಕೊಂಡದ್ದು ಎಷ್ಟೋ ಸಲ.

ಅವನದೂ ಒಂದು ಸಿನಿಮಾ ಇತ್ತು. ಹರೆಯದಲ್ಲಿ ಚಿಕ್ಕಪಡಸಲಗಿ ಹತ್ತಿರ ಹೊಳೆದಂಡೆಯ ಶೂಟಿಂಗ್ ನೋಡಲು ಹೋದವನನ್ನೇ ಹಿಡಿದು ನಾವೆ ಹತ್ತಿಸಿದ್ದರು. ದಂಡೆಯಲ್ಲಿ ನಿಂತ ತಾಯಿಗೆ ‘ಹೋಗ್ತೇನಿ’ ಅನ್ನು ಎಂದರಂತೆ. ಕಾಕಾ ಒಪ್ಪಲಿಲ್ಲ. ‘ತಾಯಿ ಮುಂದ ಹಂಗ ಯಾರರ ಅಂತಾರೇನ್ರಿ?’ ಎಂದು ಜಗಳಾಡಿ, ತನ್ನ ಮಾತನ್ನೇ ಆಡಿದ್ದ: ‘ಬರ್ತೇನಬೇ ಯವ್ವಾ.’

ಕಾಕಾ ತೀರಿಕೊಂಡು ವರ್ಷಗಳಾದವು. ಅವನ ಹೆಂಡತಿ, ಅಂದರೆ ನಮ್ಮ ಕಾಕುವಿನ ಬಳಿ ಫೋಟೋಗಳಿವೆ. ದನಿ ಉಳಿದದ್ದು ಆ ಸಿನಿಮಾದಲ್ಲಿ ಮಾತ್ರ.

ಉಗುರಿನ ಬಣ್ಣದ ವಾಸನೆ ಬಂದ ವಾರವೇ ಆ ಸಿನಿಮಾ ಜಮಖಂಡಿಗೆ ಬಂತು, ಕಪ್ಪುಬಿಳುಪು ಹೋಗಿ ಬಣ್ಣ ಹಚ್ಚಿಕೊಂಡು. ‘ಅವರ ದನಿ ಒಮ್ಮಿ ಕೇಳಸವಾ’ ಎಂದಳು ಕಾಕು. ಕರೆದುಕೊಂಡು ಹೋದೆ.

ಕೃಷ್ಣಾ ಹೊಳೆಗೆ ಈಜುಕೊಳದ ನೀಲಿ. ಕೈಮಗ್ಗದ ಸೀರೆಗಳಿಗೆ ಪ್ಲಾಸ್ಟಿಕ್ ಹೊಳಪು. ಮುಖಗಳೆಲ್ಲ ಬೇಯಿಸಿದ ಗಜ್ಜರಿ. ಈಗಿನವರಿಗೆ ತಿಳಿಯಲೆಂದು ಮಾತುಗಳನ್ನೂ ಬೇರೆಯವರಿಂದ ಹೊಸದಾಗಿ ಆಡಿಸಿದ್ದರು. ನಾವೆ ಬಂತು. ಕಾಕು ನನ್ನ ಕೈ ಹಿಡಿದಳು. ಕಾಕಾನ ತುಟಿ ಅಲುಗಿತು. ಯಾರದೋ ನುಣುಪು ದನಿ ಅಂದಿತು: ‘ಹೋಗ್ತೀನಮ್ಮಾ.’

‘ಇದ್ಯಾರ ಇಂವಾ?’ ಎಂದಳು ಕಾಕು.

ಮ್ಯಾನೇಜರನ ಬಳಿ ಹೋಗಿ ಹಳೆಯದು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ‘ಎಲ್ಲೂ ಇಲ್ರಿ ಮೇಡಮ್, ಇನ್ನ ಇದ ಅಸಲಿ’ ಎಂದು ನಕ್ಕ. ಸತ್ತವನ ಬಾಯಿಗೆ ಬೇರೆಯವನ ನಾಲಿಗೆ ಹೊಲಿದು ಅಸಲಿ ಎನ್ನುತ್ತಾರೆ. ಅದಕ್ಕೆ ಮತ್ತೆ ಟಿಕೆಟ್ಟು. ಹೇಸಿಗೆಯಾಯಿತು ನನಗೆ, ಇವತ್ತಿಗೂ ಆಗುತ್ತದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕು ಕೇಳಿದಳು, ‘ನೀ ಡಿಗ್ರಿ ಸರ್ಟಿಫಿಕೇಟ ತಂದಾಗ ಏನಂದಿದ್ರ ಅವರು?’

ನಮ್ಮ ಮನೆತನದ ಮೊದಲ ಡಿಗ್ರಿ. ಸರ್ಟಿಫಿಕೇಟನ್ನು ಎಲ್ಲರಿಗಿಂತ ಮೊದಲು ಕಾಕಾನ ಕೈಗೆ ಕೊಟ್ಟಿದ್ದೆ. ಫಿಲ್ಮು ಹಿಡಿಯುವವನಂತೆ ಅಂಚಿನಲ್ಲಷ್ಟೇ ಹಿಡಿದು, ಬೆಳಕಿಗೆ ಎತ್ತಿ, ಮೇಲಿಂದ ಕೆಳಗೆ ನೋಡಿದ್ದ...

‘ಎಲ್ಲೂ ಕಟ್ ಇಲ್ಲ ನೋಡವಾ, ಅಂದಿದ್ದ’ ಎಂದೆ.

ಕಾಕು ತಲೆಯಾಡಿಸಿದಳು. ‘ಹಂಗಲ್ಲವಾ. ಅವರ ದನ್ಯಾಗ ಅನ್ನು.’

ಅನ್ನಲು ಬಾಯಿ ತೆರೆದೆ. ಅವನ ದನಿ ಬರಲಿಲ್ಲ.